ಊರಿನ ಅಕ್ಕಿ, ದೂರದ ಹಸಿವು

ರಂಝಾನಿನ ಕೊನೆಯ ಸಂಜೆ ಚಂದ್ರ ಕಂಡ ಸುದ್ದಿ ಬಂದರೆ ಸಾಕು, ಕೋಟೇಶ್ವರದಿಂದ ಕೋಡಿಯ ಕಡಲತಡಿಯವರೆಗೆ ಮುಸ್ಲಿಮರ ಮನೆಗಳಲ್ಲಿ ಅಕ್ಕಿ ಅಳೆಯುವ ಗಡಿಬಿಡಿ. ಈದ್ ನಮಾಝಿಗೆ ಮುಂಚೆ ಫಿತ್ರ್ ಝಕಾತ್ ಬಡವರ ಮನೆ ಸೇರಬೇಕು. ತಲೆಗೆ ಒಂದು ಸ್ವಾಅ್, ಅಂದರೆ ಎರಡೂವರೆಯಿಂದ ಮೂರು ಕಿಲೋ. ತೊಟ್ಟಿಲ ಕೂಸಿನ ಪಾಲನ್ನೂ ಬಿಡುವಂತಿಲ್ಲ.

ಕರಾವಳಿಯ ಮುಸ್ಲಿಮರಲ್ಲಿ ಬಹಳಷ್ಟು ಮಂದಿ ಶಾಫಿಈ ಪಂಥದವರು. ಆ ಪಂಥದ ಪ್ರಕಾರ ಫಿತ್ರ್‌ಗೆ ದುಡ್ಡು ಸಲ್ಲದು, ಊರವರು ಉಣ್ಣುವ ಧಾನ್ಯವೇ ಆಗಬೇಕು. ಯಾರ ಲೆಕ್ಕದ್ದೋ ಅವರಿರುವ ಊರಲ್ಲೇ ಹಂಚಬೇಕು. ದುಬೈಯಲ್ಲಿ ದುಡಿಯುವ ಗಂಡನ ಪಾಲು ದುಬೈಯಲ್ಲಿ. ಇಲ್ಲಿರುವ ಹೆಂಡತಿ ಮಕ್ಕಳ ಪಾಲು ಇಲ್ಲೇ.

ಹೀಗೆ ನೆರೆಮನೆಗೆ ಕಟ್ಟುಬಿದ್ದ ದಾನ, ಗಡಿಯಾಚೆಯ ನಿರಾಶ್ರಿತರ ಶಿಬಿರವನ್ನು ಹೇಗೆ ತಲುಪೀತು? ದಾರಿ ಇರುವುದು ವಾರ್ಷಿಕ ಝಕಾತಿನಲ್ಲಿ. ನಿಗದಿತ ಮಿತಿ ಮೀರಿ ವರ್ಷ ಪೂರ್ತಿ ಉಳಿದ ಹಣದ ಮೇಲೆ ಶೇ 2.5 ಕೊಡಬೇಕು. ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಹೆಸರಿಸುತ್ತದೆ: ಬಡವರಿದ್ದಾರೆ, ಸಾಲದಲ್ಲಿ ಮುಳುಗಿದವರಿದ್ದಾರೆ, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರಿದ್ದಾರೆ. ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟು ಓಡಿದವರೂ ಇದರೊಳಗೇ ಬರುತ್ತಾರೆ ಎಂಬ ಫತ್ವಾಗಳ ಬಲದಿಂದಲೇ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2019ರಲ್ಲಿ ಪ್ರತ್ಯೇಕ ಝಕಾತ್ ನಿಧಿ ತೆರೆಯಿತು. ಝಕಾತ್ ಸಂಗ್ರಹಿಸುವವರೂ ಆ ಎಂಟರಲ್ಲಿ ಒಂದು ವರ್ಗ; ಆದರೂ ಆಡಳಿತ ವೆಚ್ಚಕ್ಕೆ ಬಿಡಿಗಾಸೂ ಮುರಿಯುವುದಿಲ್ಲವೆಂದು ಆ ನಿಧಿ ಹೇಳಿಕೊಂಡಿದೆ. ಅದಕ್ಕೂ ಮುಂಚೆ, 1984ರಲ್ಲಿ, ಈಜಿಪ್ಟ್ ಮೂಲದ ವೈದ್ಯ ಹಾನಿ ಅಲ್ ಬನ್ನಾ ಆಫ್ರಿಕಾದ ಬರಗಾಲ ಕಂಡು ಬರ್ಮಿಂಗ್‌ಹ್ಯಾಮಿನಲ್ಲಿ ಇಸ್ಲಾಮಿಕ್ ರಿಲೀಫ್ ಎಂಬ ನೆರವು ಸಂಸ್ಥೆ ಕಟ್ಟಿದ್ದರು.

ನೆರೆಮನೆಯ ದಾನ ಹೊರಗಿನವರನ್ನೂ ತಲುಪುವ ಈ ಬದಲಾವಣೆ ನಮ್ಮ ನಾಡಿನಲ್ಲಿ ಕಣ್ಣಿಗೆ ಕಟ್ಟಿದ್ದು 2020ರ ಕೋವಿಡ್ ಕಾಲದಲ್ಲಿ. ಬೆಂಗಳೂರಿನ ಇಪ್ಪತ್ತರಷ್ಟು ಸಂಸ್ಥೆಗಳು ಮರ್ಸಿ ಮಿಷನ್ ಹೆಸರಲ್ಲಿ ಒಗ್ಗೂಡಿದವು. ವಲಸೆ ಕಾರ್ಮಿಕರಿಗೆ ಊಟ ಕಟ್ಟಿದವು, ಆಮ್ಲಜನಕ ಒದಗಿಸಿದವು. ಸ್ವಂತದವರೇ ಹತ್ತಿರ ಬರಲು ಹೆದರಿದ ಶವಗಳನ್ನು ಅವರವರ ಧರ್ಮದ ಕ್ರಮದಂತೆ ಮಣ್ಣಿಗೋ ಚಿತೆಗೋ ಒಪ್ಪಿಸಿದವು. ನನಗೆ ಇದು ಬರೀ ಸೇವೆಯಾಗಿ ಕಾಣುವುದಿಲ್ಲ. ಮಯ್ಯತ್ತಿನ ಕೆಲಸ, ಅಂದರೆ ಶವಸಂಸ್ಕಾರ, ಮೊಹಲ್ಲಾದ ಹಳೆಯ ಹೊಣೆ. ಅದು ಮೊಹಲ್ಲಾದ ಗೋಡೆ ದಾಟಿ ಇಡೀ ನಗರದ ಹೊಣೆಯಾಯಿತು.

ಇಂಥ ಸಂಸ್ಥೆಗಳು ಲೆಕ್ಕಪತ್ರದ ಶಿಸ್ತನ್ನೂ ಕಲಿಯಬೇಕಾಗಿ ಬಂದಿದೆ. ವಿದೇಶಿ ದೇಣಿಗೆ ಕಾನೂನಿನ 2020ರ ತಿದ್ದುಪಡಿಯ ನಂತರ ಅಂಥ ದೇಣಿಗೆಯೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಅದರಲ್ಲಿ ಆಡಳಿತಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಗಲ್ಫಿನಲ್ಲಿರುವ ಭಾರತೀಯ ನಾಗರಿಕ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣವನ್ನು ಕಾನೂನು ವಿದೇಶಿ ದೇಣಿಗೆ ಎನ್ನುವುದಿಲ್ಲ. ಗಲ್ಫಿನ ದುಡಿಮೆಯನ್ನು ನೆಚ್ಚಿಕೊಂಡ ನಮ್ಮ ಕರಾವಳಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ದೊಡ್ಡ ಸಂಸ್ಥೆಗಳು ಊರಿನಿಂದ ಕಲಿಯಬೇಕಾದದ್ದೂ ಇದೆ. ದಾನಿಗೆ ಪುರಾವೆ ಬೇಕೆಂದು ಕಿಟ್ ಹಿಡಿದ ವಿಧವೆಯನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದು ತಪ್ಪು, ಖಂಡಿತ ತಪ್ಪು. ಪುರಾವೆಗೆ ರಶೀದಿ ಇರಲಿ, ಆಡಿಟ್ ಇರಲಿ; ಪಡೆದವರ ಮುಖ ಬೇಡ. ಫಿತ್ರ್ ಅಕ್ಕಿಯ ಚೀಲ ರಾತ್ರಿ ಬಡವರ ಮನೆಯ ಜಗಲಿಗೆ ಬರುವಾಗ ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ಬೆಳಿಗ್ಗೆ ಆ ಮನೆಯ ಮಕ್ಕಳು ಉಳಿದವರ ಜೊತೆ ಒಂದೇ ಸಾಲಿನಲ್ಲಿ ನಮಾಝಿಗೆ ನಿಲ್ಲುತ್ತಾರೆ.