ಮ್ಯಾಪಿನಲ್ಲಿ ಕಾಣದ ಹೊಗೆ

ಕಳೆದ ಮಾರ್ಚಿನ ಒಂದು ಸಂಜೆ. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡುವೆ ಊರಿನಿಂದ ಅಪ್ಪನ ಫೋನ್.

"ಗುಡ್ಡೆಯಾಚೆ ಹೊಗೆ ಏಳ್ತಾ ಉಂಟು ಮಾರಾಯ. ಮೊನ್ನೆ ಒಂದು ಸ್ಯಾಟಲೈಟ್ ಮ್ಯಾಪ್ ತೋರಿಸಿದ್ದೆಯಲ್ಲ, ಅದರಲ್ಲಿ ಬೆಂಕಿ ಎಲ್ಲಿ ಅಂತ ನೋಡು."

ನಮ್ಮದು ರಾಮಕುಂಜ. ಮನೆಯ ಹಿಂದೆ ಗೇರುಗುಡ್ಡೆ, ಅದರಾಚೆ ಒಣಗಿ ನಿಂತ ಮುಳಿಹುಲ್ಲು. ನಾಸಾದ 'ಫರ್ಮ್ಸ್' ಮ್ಯಾಪ್ ತೆರೆದೆ. ನಮ್ಮೂರಿನ ಸುತ್ತ ಒಂದೇ ಒಂದು ಕೆಂಪು ಚುಕ್ಕೆ ಇಲ್ಲ. "ಎಂಥದ್ದೂ ಇಲ್ಲ ಅಪ್ಪ" ಅಂದೆ. ಯಾರೋ ತರಕಾರಿಗೆ ಸುಡುಮಣ್ಣು ಮಾಡ್ತಿರಬೇಕು ಅಂದುಕೊಂಡು ಅಪ್ಪ ಹಾಲು ಕರೆಯಲು ಹೋದರು. ಮುಕ್ಕಾಲು ಗಂಟೆಯಲ್ಲಿ ಬೆಂಕಿ ನಮ್ಮ ಗೇರುಮರಗಳ ಬುಡದಲ್ಲಿತ್ತು. ನೆರೆಕರೆಯವರು ಓಡಿ ಬಂದು ಹಸಿ ಗೆಲ್ಲುಗಳಿಂದ ಬಡಿದು ಆರಿಸಿದರು. ಅಷ್ಟರಲ್ಲಿ ಫಸಲು ಬಿಟ್ಟಿದ್ದ ಇಪ್ಪತ್ತು ಮರ ಹೋಗಿತ್ತು.

ತಪ್ಪು ಉಪಗ್ರಹದ್ದಲ್ಲ, ಅದನ್ನು ಓದಿದ ನನ್ನದು. ಹೇಗೆ ಅಂತ ಹೇಳ್ತೇನೆ.

ಉಪಗ್ರಹ ನಮ್ಮೂರಿನ ಮೇಲೆ ಕಾವಲು ನಿಂತಿರುವುದಿಲ್ಲ, ಹಾದು ಹೋಗುತ್ತದೆ. ಬೆಂಕಿ ಪತ್ತೆಗೆ ಹೆಚ್ಚು ಬಳಕೆಯಲ್ಲಿರುವ 'ವೀರ್ಸ್' ಉಪಕರಣವನ್ನು ಹೊತ್ತ ಉಪಗ್ರಹಗಳು ಬರುವುದು ಮಧ್ಯಾಹ್ನ ಸುಮಾರು ಒಂದೂವರೆಗೆ, ಮತ್ತೆ ನಡುರಾತ್ರಿ ಕಳೆದು ಒಂದೂವರೆಗೆ. ಆ ಮಾಹಿತಿ ಮ್ಯಾಪಿಗೆ ಬರಲು ಮೂರು ಗಂಟೆವರೆಗೂ ಬೇಕಾಗಬಹುದು. ನಾಲ್ಕಕ್ಕೆ ಹೊತ್ತಿ ಏಳಕ್ಕೆ ಆರಿದ ಬೆಂಕಿ ಅದರ ಲೆಕ್ಕದಲ್ಲಿ ಹುಟ್ಟೇ ಇಲ್ಲ. ನಮ್ಮದೂ ಹಾಗೇ. ಮರುದಿನವೂ ಮ್ಯಾಪಿನಲ್ಲಿ ಚುಕ್ಕೆ ಬರಲಿಲ್ಲ.

ಚುಕ್ಕೆ ಬಂದರೂ ಅದರ ಅರ್ಥ ಬೇರೆ. ವೀರ್ಸ್‌ನ ಒಂದು ಪಿಕ್ಸೆಲ್ ಅಂದರೆ 375 ಮೀಟರ್ ಚೌಕ, ಸುಮಾರು 35 ಎಕರೆ. ಅಷ್ಟೂ ಜಾಗ ಉರೀತಿದೆ ಅಂತಲ್ಲ, ಅದರೊಳಗೆ ಎಲ್ಲೋ ತುಂಬ ಬಿಸಿಯಾದದ್ದು ಉಂಟು ಅಂತ. ಇನ್ನು ದಟ್ಟ ಕಾಡಿನ ಮರಗಳಡಿಯಲ್ಲಿ ತರಗೆಲೆ ಮಾತ್ರ ಉರಿದರೆ, ಅಥವಾ ಮೋಡ ಅಡ್ಡ ಬಂದರೆ, ಎಷ್ಟೋ ಸಲ ಏನೂ ಕಾಣುವುದಿಲ್ಲ.

ಹಾಗಾದರೆ ಹೊಗೆ? ಅದನ್ನು ನೋಡುವ ದಾರಿ ಬೇರೆ. ಮಾಮೂಲಿ ಬಣ್ಣದ ಚಿತ್ರದಲ್ಲಿ ಮೋಡ ಬೆಳ್ಳಗೆ, ಅಂಚು ಸ್ಪಷ್ಟ. ಹೊಗೆ ನೀಲಿ ಬೆರೆತ ಬೂದಿ ಬಣ್ಣ, ಗಾಳಿ ಹೋದ ಕಡೆ ಎಳೆದ ಬಾಲ. ಕಣ್ಣಿಗೆ ಕಾಣದ ಕಿರು ಅವಗೆಂಪು ಬೆಳಕಿನಲ್ಲಿ ತೆಗೆದ ಚಿತ್ರ ತೆಳು ಹೊಗೆಯನ್ನು ದಾಟಿ ಕೆಳಗಿನ ಬೆಂಕಿಯನ್ನೇ ತೋರಿಸುತ್ತದೆ. ಆದರೆ ಮೇಲಿಂದ ನೋಡಿದ ಹೊಗೆ ಎರಡು ಕಿಲೋಮೀಟರ್ ಎತ್ತರದಲ್ಲಿದೆಯೋ, ನಮ್ಮ ಮೂಗಿನ ಹತ್ತಿರವಿದೆಯೋ ಎಂದು ಚಿತ್ರ ನೋಡಿ ಹೇಳುವುದು ಕಷ್ಟ. ನಮ್ಮ ಕಡೆ ಹಗಲು ಕಡಲಗಾಳಿ ಹೊಗೆಯನ್ನು ಘಟ್ಟದತ್ತ ತಳ್ಳಿದರೆ, ರಾತ್ರಿ ತಣ್ಣನೆ ಗಾಳಿ ಇಳಿಜಾರಿನಲ್ಲಿ ಅದನ್ನು ಕೆಳಗೆ ತರಬಹುದು. ಬೆಳಿಗ್ಗೆ ಅಂಗಳದಲ್ಲಿ ಸುಟ್ಟ ವಾಸನೆ ಬಂದರೆ ಬೆಂಕಿ ಪಕ್ಕದಲ್ಲೇ ಇರಬೇಕೆಂದಿಲ್ಲ.

ಉಪಗ್ರಹದ ನಿಜವಾದ ಶಕ್ತಿ ಕಾಣುವುದು ದೊಡ್ಡ ಬೆಂಕಿಯಲ್ಲಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಗೋಪಾಲಸ್ವಾಮಿ ಬೆಟ್ಟದ ಸುತ್ತ ನೀರು ಸುರಿಯಲು ವಾಯುಪಡೆಯ ಹೆಲಿಕಾಪ್ಟರ್‌ಗಳೇ ಬರಬೇಕಾಯಿತು. ಎಷ್ಟು ಕಾಡು ಹೋಯಿತು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾಗ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಲ್ಲಿ ಸುಟ್ಟ ಕಪ್ಪು ಗುರುತನ್ನೇ ಅಳೆದು ಸುಮಾರು 4,420 ಹೆಕ್ಟೇರ್ ಎಂದಿತು. ಹತ್ತಿರ ಹನ್ನೊಂದು ಸಾವಿರ ಎಕರೆ. ಹೊಗೆ ಕರಗುತ್ತದೆ, ಸುಟ್ಟ ನೆಲ ಬೇಗ ಸುಳ್ಳು ಹೇಳುವುದಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರು ಮಾಡಬಹುದಾದ್ದು ಇಷ್ಟು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯ 'ವನ ಅಗ್ನಿ' ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿದರೆ ಕಾಡ್ಗಿಚ್ಚಿನ ಎಚ್ಚರಿಕೆ ಮೊಬೈಲಿಗೇ ಬರುತ್ತದೆ. ಫರ್ಮ್ಸ್‌ನಲ್ಲಿ ಊರಿನ ಸುತ್ತ ಒಂದು ಚೌಕ ಎಳೆದಿಟ್ಟರೆ ಇಮೇಲ್ ಬರುತ್ತದೆ. ಎರಡೂ ಉಚಿತ. ಚುಕ್ಕೆ ಬಂದರೆ ಮನೆಗೆ ಫೋನ್ ಮಾಡಿ. ಚುಕ್ಕೆ ಇಲ್ಲದಿದ್ದರೆ ಬೆಂಕಿ ಇಲ್ಲ ಅಂತ ಮಾತ್ರ ಯಾರಿಗೂ ಹೇಳಬೇಡಿ. ಮನೆಯವರ ಕಣ್ಣಿಗೆ ಹೊಗೆ ಕಂಡಿತಾ, ಮೊದಲು 112.

ಈ ಜನವರಿಯಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಅಪ್ಪ, ನಾನು, ಪಕ್ಕದ ಮನೆಯವರು ಸೇರಿ ಗುಡ್ಡೆಯ ಅಂಚಿನಲ್ಲಿ ಹುಲ್ಲು ಕೆರೆದು ಬೆಂಕಿ ದಾಟದ ಹಾಗೆ ಅಗಲಕ್ಕೆ ಗೆರೆ ತೆಗೆದೆವು. ಸಂಜೆ ಸುಸ್ತಾಗಿ ಕೂತಾಗ ಅಪ್ಪ ಕೇಳಿದರು, "ಇದು ನಿನ್ನ ಸ್ಯಾಟಲೈಟಿಗೆ ಕಾಣ್ತದಾ?"

ಇಲ್ಲ ಅಂದೆ. ಅಷ್ಟು ಸಣ್ಣದು ಅದಕ್ಕೆ ಕಾಣುವುದಿಲ್ಲ.

"ಕಾಣದಿದ್ರೆ ಬೇಡ, ಬೆಂಕಿಗೆ ಕಂಡ್ರೆ ಸಾಕು" ಅಂದರು ಅಪ್ಪ.