ಹಳೆಯ ಪ್ರಿಂಟರುಗಳನ್ನು ಕೊಳ್ಳುವ ಬಗೆ

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವವರಂತೆಯೇ ಬಳಕೆ ತಪ್ಪಿದ ಗಣಕಯಂತ್ರಗಳನ್ನು ಕೂಡಿಡುವವರೂ ಇಂದು ಅನೇಕ ದೇಶಗಳಲ್ಲಿದ್ದಾರೆ. ಅವರಲ್ಲಿ ಕೆಲವರ ಒಲವು ಗಣಕದ ಲಿಪಿಕಾರನಾದ ಪ್ರಿಂಟರಿನ ಕಡೆಗೆ. ನಾಣ್ಯವು ಪೆಟ್ಟಿಗೆಯಲ್ಲಿದ್ದರೂ ನಾಣ್ಯವೇ. ಅಚ್ಚುಹಾಕಲಾರದ ಪ್ರಿಂಟರು ಬರಿಯ ಡಬ್ಬ. ಆದುದರಿಂದ ಹಣ ತೆರುವ ಮುನ್ನ, ಈ ಯಂತ್ರ ಇನ್ನೆಷ್ಟು ಕಾಲ ಬರೆದೀತು ಎಂದು ವಿಚಾರಿಸಬೇಕು. ಇದಕ್ಕೆ ಉತ್ತರವಿರುವುದು ಹೊರಮೈಯ ಹೊಳಪಿನಲ್ಲಲ್ಲ, ಅಕ್ಷರವನ್ನು ಮೂಡಿಸುವ ವಿಧಾನದಲ್ಲಿ.

ಪ್ರಿಂಟರುಗಳಲ್ಲಿ ಸ್ಥೂಲವಾಗಿ ಎರಡು ವರ್ಗಗಳುಂಟು: ಹೊಡೆದು ಬರೆಯುವವು, ಹೊಡೆಯದೆ ಬರೆಯುವವು. ಇಂಕ್‌ಜೆಟ್ ಪ್ರಿಂಟರು ಅತಿ ಸೂಕ್ಷ್ಮವಾದ ರಂಧ್ರಗಳಿಂದ ಶಾಯಿಯ ಹನಿಗಳನ್ನು ಚಿಮ್ಮಿಸುತ್ತದೆ. ಶಾಯಿ ಒಣಗಿದರೆ ರಂಧ್ರಗಳು ಮುಚ್ಚುತ್ತವೆ. ಲೇಸರ್ ಪ್ರಿಂಟರಿನ ಜೀವಾಳ ಬೆಳಕಿಗೆ ಸ್ಪಂದಿಸುವ ಉರುಳೆ. ಸವೆದರೆ ಅದನ್ನು ಮನೆಯಲ್ಲಿ ಮಾಡಿಕೊಳ್ಳಲಾಗದು. ಬಿಡಿಭಾಗಗಳ ದಾಸ್ತಾನು ತೀರಿದಾಗ ಇಂಥ ಯಂತ್ರಗಳ ಆಯುಸ್ಸೂ ತೀರುತ್ತದೆ. ಹೊಡೆದು ಬರೆಯುವ ಯಂತ್ರಕ್ಕಾದರೋ ಉಕ್ಕು, ವಿದ್ಯುತ್ಕಾಂತ ಮತ್ತು ಮಸಿಹಚ್ಚಿದ ರಿಬ್ಬನ್ನು ಇವೇ ಮುಖ್ಯ.

ಈ ವರ್ಗದಲ್ಲಿ ಐಬಿಎಂ ಸಂಸ್ಥೆಯು 1959ರಲ್ಲಿ ಹೊರತಂದ 1403 ಎಂಬ ಪ್ರಿಂಟರು ಪ್ರಸಿದ್ಧ. 132 ಅಕ್ಷರಗಳವರೆಗಿನ ಸಾಲುಗಳನ್ನು ಅದು ನಿಮಿಷಕ್ಕೆ 600ರಂತೆ ಅಚ್ಚುಹಾಕುತ್ತಿತ್ತು. ಅಮೆರಿಕದ ಮೌಂಟನ್ ವ್ಯೂ ನಗರದ ಗಣಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಅದನ್ನು ದುರಸ್ತಿಮಾಡಿ ಮತ್ತೆ ನಡೆಸಿದ್ದಾರೆ. ಮನೆಯಲ್ಲಿಡುವ ವಸ್ತು ಅದಲ್ಲ. ನಮ್ಮಂಥವರಿಗೆ ತಕ್ಕುದು, 1980ರಲ್ಲಿ ಜಪಾನಿನ ಎಪ್ಸನ್ ಸಂಸ್ಥೆ ತಂದ ಎಂಎಕ್ಸ್-80ರಂಥ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಇದರ ತಲೆಯಲ್ಲಿ ಒಂದರ ಕೆಳಗೊಂದರಂತೆ ಒಂಬತ್ತು ಸೂಜಿಗಳಿವೆ. ಪ್ರತಿಯೊಂದಕ್ಕೂ ಒಂದು ವಿದ್ಯುತ್ಕಾಂತ. ವಿದ್ಯುತ್ತು ಹರಿದೊಡನೆ ಸೂಜಿಯು ರಿಬ್ಬನ್ನನ್ನು ಕಾಗದಕ್ಕೆ ಬಡಿಯುತ್ತದೆ, ಒಂದು ಚುಕ್ಕೆ ಮೂಡುತ್ತದೆ. ತಲೆಯು ಪಕ್ಕಕ್ಕೆ ಸರಿದಂತೆ ಚುಕ್ಕೆಗಳು ಕೂಡಿ ಅಕ್ಷರವಾಗುತ್ತವೆ. ಸೆಕೆಂಡಿಗೆ 80 ಅಕ್ಷರಗಳು.

ಈ ತತ್ತ್ವವನ್ನು ತಿಳಿದರೆ ಪರೀಕ್ಷೆ ಸುಲಭ. ವಿದ್ಯುತ್ತಿಲ್ಲದಾಗ ತಲೆಯನ್ನು ಕೈಯಿಂದ ಮೆಲ್ಲನೆ ಸರಿಸಿ ನೋಡಬೇಕು. ತಡೆದರೆ ಹಳೆಯ ಗ್ರೀಸು ಗಟ್ಟಿಯಾಗಿದೆಯೆಂದು ಊಹಿಸಬಹುದು. ಕಾಗದವನ್ನು ಒತ್ತಿಹಿಡಿಯುವ ರಬ್ಬರಿನ ಉರುಳೆಯನ್ನು ಉಗುರಿನಿಂದ ಒತ್ತಬೇಕು. ರಬ್ಬರು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಕಲ್ಲಿನಂತೆ ಗಡುಸಾಗಬಹುದು, ಅಂಟಂಟೂ ಆಗಬಹುದು. ಬಳಿಕ ಸಾಲು ಸರಿಸುವ ಗುಂಡಿಯನ್ನು ಒತ್ತಿಹಿಡಿದು ಸ್ವಿಚ್ಚು ಹಾಕಿದರೆ, ಗಣಕದ ನೆರವಿಲ್ಲದೆಯೇ ಎಂಎಕ್ಸ್-80 ತನ್ನ ಅಕ್ಷರಮಾಲೆಯನ್ನು ಅಚ್ಚುಹಾಕುತ್ತದೆ. ಎಲ್ಲ ಅಕ್ಷರಗಳಲ್ಲಿಯೂ ಒಂದೇ ಎತ್ತರದಲ್ಲಿ ಬಿಳಿಯ ಗೆರೆ ಹಾದುಹೋಗಿದ್ದರೆ ಆ ಎತ್ತರದ ಸೂಜಿ ಕೆಲಸಮಾಡುತ್ತಿಲ್ಲವೆಂದು ತಿಳಿಯಬೇಕು. ಅಚ್ಚು ಎಲ್ಲೆಡೆಯೂ ಸಮನಾಗಿ ಮಸುಕಾಗಿದ್ದರೆ ಚಿಂತೆಯಿಲ್ಲ, ಬಹುಮಟ್ಟಿಗೆ ಅದು ಒಣಗಿದ ರಿಬ್ಬನ್ನಿನ ದೋಷ. ಬಟ್ಟೆಯ ರಿಬ್ಬನ್ನಿಗೆ ಮತ್ತೆ ಮಸಿ ಹಚ್ಚಬಹುದು. ಆದರೆ ಮೊಹರಿನ ಮಸಿ ಸಲ್ಲದು; ರಿಬ್ಬನ್ನಿನ ಮಸಿಯಲ್ಲಿರುವ ಎಣ್ಣೆಯೇ ಸೂಜಿಗಳ ಕೀಲೆಣ್ಣೆ.

ಪರದೇಶದಿಂದ ತರಿಸುವವರು ಮತ್ತೊಂದನ್ನು ಮರೆಯಬಾರದು. ಅಮೆರಿಕದ ಯಂತ್ರ ಸುಮಾರು 115 ವೋಲ್ಟಿಗಾಗಿ ಮಾಡಿದ್ದು, ನಮ್ಮಲ್ಲಿರುವುದು 230. ರೋಧ ಒಂದೇ ಆಗಿದ್ದರೆ ವೋಲ್ಟೇಜು ಇಮ್ಮಡಿಸಿದಾಗ ಉತ್ಪನ್ನವಾಗುವ ಶಾಖ ನಾಲ್ಮಡಿಯಾಗುತ್ತದೆ. ತಕ್ಕ ಟ್ರಾನ್ಸ್‌ಫಾರ್ಮರಿಲ್ಲದೆ ಪ್ಲಗ್ಗು ಚುಚ್ಚಿದರೆ ನಲವತ್ತು ವರ್ಷ ಬಾಳಿದ ಯಂತ್ರ ಅರೆಕ್ಷಣದಲ್ಲಿ ಸುಟ್ಟೀತು. ಯಂತ್ರದೊಡನೆ ಕೈಪಿಡಿಯೂ ದೊರೆತರೆ ಬಿಡಬಾರದು. ಯಾವ ಸಂಕೇತಕ್ಕೆ ಯಂತ್ರ ಏನು ಮಾಡುತ್ತದೆ ಎಂಬುದು ಅದರಲ್ಲಿದೆ.

ಸೂಜಿಯ ಪ್ರಿಂಟರು ಪೂರ್ಣವಾಗಿ ಮರೆಯಾಗಿಲ್ಲ. ಕಾರ್ಬನ್ ಪ್ರತಿಗಳನ್ನು ಒಮ್ಮೆಗೇ ಪಡೆಯಲು ಹೊಡೆತವೇ ಬೇಕಾದುದರಿಂದ ಅದರ ತಯಾರಿಕೆ ಇಂದೂ ನಡೆದಿದೆ. ಹಾಗಾಗಿ ರಿಬ್ಬನ್ನೂ ಮಸಿಯೂ ಇನ್ನೂ ಸಿಗುತ್ತಿವೆ, ದುರಸ್ತಿ ಬಲ್ಲವರೂ ಇದ್ದಾರೆ. ಸಂಗ್ರಹವನ್ನು ಆರಂಭಿಸುವವರು ಅಪರೂಪದ ಮೂಕಯಂತ್ರಕ್ಕೆ ಮಾರುಹೋಗದೆ, ಸಾಧಾರಣವಾದರೂ ಬರೆಯಬಲ್ಲ ಯಂತ್ರವನ್ನು ಆರಿಸುವುದು ಲೇಸು.