ಕಂಪ್ಯೂಟರ್ ಚಾಲೂ ಆಗದಿದ್ದರೆ ಫೈಲು ಹೋದಂತೆಯೇ?

ಚೀಕಲಪರ್ವಿಯಂಥ ನಮ್ಮ ಹಳ್ಳಿಗಳಲ್ಲೂ ಈಗ ಕೆಲವರ ಮನೆಯಲ್ಲಿ ಕಂಪ್ಯೂಟರ್ ಇರುತ್ತದೆ. ಮದುವೆಯ ಫೋಟೋ, ಮಗಳ ಅಂಕಪಟ್ಟಿ, ಹೊಲದ ಪಹಣಿಯ ಪ್ರತಿ, ಮಹಿಳಾ ಸಂಘದ ಸಾಲದ ಲೆಕ್ಕ ಎಲ್ಲಾ ಅದರಲ್ಲೇ. ಒಂದು ದಿನ ಗುಂಡಿ ಒತ್ತಿದರೆ ಅದು ಚಾಲೂನೇ ಆಗೋದಿಲ್ಲ. "ಯವ್ವಾ, ಸಂಘದ ಲೆಕ್ಕ ಹೋತಲ್ಲ!" ಅಂತ ಎದೆ ಝಲ್ ಅನ್ನುತ್ತದೆ.

ತಡೀರಿ ಅಕ್ಕಾ. ಹಗೇವು ನಿಮಗೆ ಗೊತ್ತು. ಹಗೇವಿನ ಬಾಯಿಗೆ ಮುಚ್ಚಿದ ಕಲ್ಲು ಏಳಲಿಲ್ಲ ಅಂದರೆ ಒಳಗಿನ ಜೋಳ ಹೋಯಿತೇ? ಇಲ್ಲ. ಇದೂ ಹಾಗೇ. ಕಂಪ್ಯೂಟರಿನೊಳಗೆ ಡಿಸ್ಕ್ ಎಂಬ ಭಾಗ ಇದೆ. ಫೈಲುಗಳು ಇರುವುದು ಅದರಲ್ಲಿ. ಕರೆಂಟ್ ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಎಷ್ಟೋ ಸಲ ಕೆಟ್ಟಿರುವುದು ಡಿಸ್ಕ್ ಅಲ್ಲ, ಬೇರೆ ಏನೋ.

ಮೊದಲು ಪ್ಲಗ್ಗು, ಸ್ವಿಚ್ಚು, ಪರದೆಯ ವೈರು ನೋಡಿ. ಪೆನ್ ಡ್ರೈವ್ ಸಿಕ್ಕಿಸಿದ್ದರೆ ತೆಗೆಯಿರಿ. ಅದು ಇದ್ದರೂ ಕೆಲವು ಸಲ ಕಂಪ್ಯೂಟರ್ ಚಾಲೂ ಆಗುವುದಿಲ್ಲ.

ಇಷ್ಟಕ್ಕೂ ಆಗದಿದ್ದರೆ ಮಾನ್ವಿಗೋ ರಾಯಚೂರಿಗೋ ರಿಪೇರಿಗೆ ಒಯ್ಯುತ್ತೀರಿ. ಅಲ್ಲಿ ಒಂದು ಮಾತಿಗೆ ಕಿವಿ ಕೊಡಿ: "ಫಾರ್ಮ್ಯಾಟ್." ಅಂದರೆ ಪಾಟಿ ಒರೆಸಿದಂಗೆ ಡಿಸ್ಕನ್ನು ಒರೆಸಿ ಹೊಸದಾಗಿ ಶುರು ಮಾಡುವುದು. ಕಂಪ್ಯೂಟರ್ ಬೇಗ ಸರಿಯಾಗುತ್ತದೆ, ನಿಜ. ಆದರೆ ಲೆಕ್ಕ, ಫೋಟೋ ಹೋಗುತ್ತವೆ. ರಿಪೇರಿ ಮಾಡುವವರು ಕೇಳದೆಯೂ ಹೀಗೆ ಮಾಡಿಬಿಡಬಹುದು. ಅದಕ್ಕೇ ನೀವೇ ಮೊದಲು ಹೇಳಿ:

"ತಮ್ಮಾ, ಮೊದಲು ಒಳಗಿನ ಫೈಲು ತೆಗೆದುಕೊಡಪ್ಪಾ. ಆಮೇಲೆ ರಿಪೇರಿ ಮಾಡು."

ಇದು ಆಗುವ ಕೆಲಸವೇ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಫೈಲು ಕಾಣುತ್ತವೆ. ಬಿಚ್ಚದೆಯೂ, ಪೆನ್ ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿ ಪ್ರತಿ ತೆಗೆಯಬಹುದು. ನಿಮ್ಮ ಎದುರಿಗೇ ಮಾಡಿಸಿ. ಮನೆ ಹೆಣ್ಣುಮಕ್ಕಳ ಫೋಟೋ ಇರುತ್ತವಲ್ಲ!

ಡಿಸ್ಕ್ "ಟಕ್ ಟಕ್" ಅನ್ನುತ್ತಿದ್ದರೆ ಮಾತ್ರ ಬೇರೆ. ಅದು ನೀರು ನುಗ್ಗಿದ ಹಗೇವು. ಮತ್ತೆ ಮತ್ತೆ ಚಾಲೂ ಮಾಡಿದರೆ ಇನ್ನೂ ಹಾಳಾಗುತ್ತದೆ. ಕೂಡಲೇ ಬಂದ್ ಮಾಡಿ. ಅಂಥದರಿಂದ ಫೈಲು ತೆಗೆಯುವವರೇ ಬೇರೆ ಇದ್ದಾರೆ. ಖರ್ಚು ಬಹಳ.

ಕೆಲವು ಹೊಸ ಕಂಪ್ಯೂಟರುಗಳು ಕೀಲಿ ಕೇಳುತ್ತವೆ. ಅದು 48 ಅಂಕಿಗಳ ಒಂದು ಸಂಖ್ಯೆ. ಅದಿಲ್ಲದಿದ್ದರೆ ಡಿಸ್ಕ್ ಬಿಚ್ಚಿದರೂ ಫೈಲು ಸಿಗುವುದಿಲ್ಲ. ಮಗನೋ ಮಗಳೋ ಯಾವ ಈಮೇಲ್ ಹಾಕಿ ಕಂಪ್ಯೂಟರ್ ಶುರು ಮಾಡಿದ್ದರೋ, ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಆ ಸಂಖ್ಯೆ ಇರುತ್ತದೆ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗುವ ಮೊದಲೇ ಅದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಈಗ ನಿಮಗೇ ಬರೆಯಲು ಬರುತ್ತದಲ್ಲ, ನೀವೇ ಬರೆದುಕೊಳ್ಳಿ!

ಪಹಣಿಯ ಚಿಂತೆ ಬೇಡ. ಅದರ ಮೂಲ ಸರ್ಕಾರದ ಭೂಮಿ ಯೋಜನೆಯ ಕಂಪ್ಯೂಟರಿನಲ್ಲಿದೆ. ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ಅಂಕಪಟ್ಟಿಯ ನಕಲನ್ನೂ ಅರ್ಜಿ ಹಾಕಿ ಪಡೆಯಬಹುದು. ಸಂಘದ ಲೆಕ್ಕ ಹಾಗಲ್ಲ. ಯಾರು ಎಷ್ಟು ಕಟ್ಟಿದರು, ಯಾರದು ಎಷ್ಟು ಬಾಕಿ ಎಂಬುದು ಬೇರೆ ಎಲ್ಲೂ ಇಲ್ಲ. ಸಭೆ ಮುಗಿದ ದಿನವೇ ಅದನ್ನು ಪೆನ್ ಡ್ರೈವಿಗೆ ಹಾಕಿಸಿ, ಪುಸ್ತಕದಲ್ಲೂ ಬರೆಯಿರಿ. ಪೆನ್ ಡ್ರೈವ್ ಕಂಪ್ಯೂಟರ್ ಇರುವ ಮನೆಯಲ್ಲಿ ಬೇಡ, ಇನ್ನೊಬ್ಬ ಸದಸ್ಯೆಯ ಮನೆಯಲ್ಲಿರಲಿ.